ಇನ್ನೊಂದು ಕಣ್ಣೂ ನಿನ್ನ ಕೈಗೇ

ಭಾನುವಾರ, ಮಧ್ಯಾಹ್ನ

ನನ್ನ ಮುದ್ದು ಮೊಂಡಿಗೆ ಅಮ್ಮನ ಆಶೀರ್ವಾದ.

ಫೋನ್ ಮಾಡಿದರೆ ಎರಡು ಮಾತಿಗೇ ಅಳು ನುಂಗಿಕೊಂಡು ಇಟ್ಟುಬಿಡುತ್ತೀಯ. ಅದಕ್ಕೇ ಈ ಕಾಗದ. ಇದನ್ನು ನಡುವೆ ಕಟ್ ಮಾಡಲು ಬರುವುದಿಲ್ಲವಲ್ಲ!

ನಿನ್ನೆ ನಿಮ್ಮ ಆಸ್ಪತ್ರೆಯ ನರ್ಸಮ್ಮ ಹನಿ ಔಷಧಿ ಕೊಡಲು ಬಂದಿದ್ದಳು. ನನ್ನ ಬಲಗಣ್ಣಿನ ಪೊರೆ ತೆಗೆದ ಮೇಲೆ ನೀನು ಆಪರೇಷನ್ ಕೋಣೆಗೆ ಕಾಲೇ ಇಟ್ಟಿಲ್ಲವಂತೆ. ಬರೀ ಚೀಟಿ ಬರೆಯುತ್ತಾ ಕೂತಿರುತ್ತೀಯಂತೆ. ನನ್ನ ಎಡಗಣ್ಣನ್ನು ಬೇರೆ ಡಾಕ್ಟರಿಗೆ ಒಪ್ಪಿಸಿದ್ದೀಯಂತೆ.

ಆಪರೇಷನ್‌ಗೆ ಮುಂಚೆ ನೀನೇ ಕೂರಿಸಿಕೊಂಡು ಹೇಳಿದ್ದೆ. ಗ್ಲುಕೋಮಾದ ಒತ್ತಡ ವರ್ಷಗಟ್ಟಲೆ ಕಣ್ಣನ್ನು ಹಿಂಡಿದೆ, ಕಣ್ಣಿನ ಮುಂದಿನ ಗಾಜಿನಂಥ ಕಾರ್ನಿಯಾದ ಒಳಪದರ ಸವೆದಿದೆ, ಪೊರೆ ತೆಗೆಯುವಾಗ ಅದು ತಡೆಯದಿದ್ದರೆ ನೀರು ತುಂಬಿ ಕಣ್ಣು ಮಬ್ಬಾಗಬಹುದು ಎಂದು. ಆದರೂ ನೀನೇ ಮಾಡಬೇಕೆಂದು ಹಟ ಹಿಡಿದವಳು ನಾನು. ಆದದ್ದೂ ಅದೇ. ಇದರಲ್ಲಿ ನೀನು ಮಾಡಿದ ಪಾಪ ಯಾವುದು? ಜೀವನವಿಡೀ ಬಟ್ಟೆ ಹೊಲಿದವಳು ನಾನು. ಸವೆದ ಬಟ್ಟೆಗೆ ಎಷ್ಟು ಹಗುರವಾಗಿ ಸೂಜಿ ಇಳಿಸಿದರೂ ಒಂದೊಂದು ಸಲ ಪಿಸಿದುಹೋಗುತ್ತದೆ. ಹಾಗಂತ ಮೆಷಿನ್ ಮಾರಿಬಿಟ್ಟಿದ್ದರೆ ನಿನ್ನನ್ನು ಓದಿಸುತ್ತಿದ್ದವರು ಯಾರು? ಮೂಗಿನ ಮೇಲಿನ ಕನ್ನಡಕವನ್ನೇ ಮನೆಯೆಲ್ಲ ಹುಡುಕುವ ನಿಮ್ಮಪ್ಪನೇ?

ಆ ಡಾಕ್ಟರಿಗೆ ನಾನೇ ಫೋನ್ ಮಾಡಿ ಬೇಡವೆಂದೆ. ಪಾಪ, ತಮ್ಮ ಅನುಭವದ ಮಾತು ಶುರು ಮಾಡಿದರು. ನನ್ನ ಕಣ್ಣಿನ ಅನುಭವ ಇರುವುದು ನನ್ನ ಮಗಳೊಬ್ಬಳಿಗೇ ಎಂದುಬಿಟ್ಟೆ. ನಕ್ಕು ಫೋನ್ ಇಟ್ಟರು. ಎಡಗಣ್ಣು ನಿನ್ನ ಕೈಗೇ, ಇಲ್ಲದಿದ್ದರೆ ಯಾರ ಕೈಗೂ ಇಲ್ಲ. ಮೊಂಡುತನ ನಿನಗೆ ಬಂದದ್ದಾದರೂ ಎಲ್ಲಿಂದ ಅಂದುಕೊಂಡೆ?

ಭಯ ಇಲ್ಲವೇ ಎಂದರೆ, ಇದೆ ಕಣೇ. ನಿನ್ನ ಮುಖ ಕಾಣದೆ ಹೋದರೆ ಎಂಬ ಭಯ ಇದೆ. ಆದರೆ ನನ್ನ ದೆಸೆಯಿಂದ ನಿನ್ನ ಕೈ ಹೆದರಿಬಿಟ್ಟರೆ ಎಂಬ ಭಯ ಅದಕ್ಕಿಂತ ದೊಡ್ಡದು. ಈ ಕಾಗದ ಸಿಕ್ಕ ಮರುದಿನವೇ ಆ ಕೋಣೆಗೆ ಹೋಗು, ಮೊದಲು ಬೇರೆ ಯಾರದಾದರೂ ಕಣ್ಣು ಮಾಡು. ಆಮೇಲೆ ನನ್ನನ್ನು ಕರೆ. ಹೊತ್ತಿಗೆ ಸರಿಯಾಗಿ ಊಟ ಮಾಡು.

ಇಂತಿ,
ನಿನ್ನ ಕೈಯನ್ನೇ ನಂಬಿರುವ ಅಮ್ಮ

ತಾ.ಕ.: ಎಡಗಣ್ಣಿಗೆ ನಿಮ್ಮಪ್ಪನ ಕರವಸ್ತ್ರ ಬಿಗಿದುಕೊಂಡು, ಕೆಡಿಸಿಬಿಟ್ಟೆನೆಂದು ನೀನು ಅಳುತ್ತಿದ್ದೀಯಲ್ಲ, ಆ ಬಲಗಣ್ಣಿನಿಂದಲೇ ಇಷ್ಟನ್ನೂ ಬರೆದೆ. ಮಬ್ಬು ಪೂರ್ತಿ ಹೋಗಿಲ್ಲ, ಬರೆದದ್ದನ್ನು ತಿರುಗಿ ಓದಲು ಆಗುತ್ತಿಲ್ಲ. ತಪ್ಪಿದ್ದರೆ ತಿದ್ದಿಕೊಂಡು ಓದಿಕೋ.