ಅರ್ಧ ದಿನದ ಕೆಲಸ

ಕೋಗಿಲು,
26-11-1961

ತಮ್ಮ ಚಿಕ್ಕಬೈರಪ್ಪನಿಗೆ ಅಕ್ಕ ಮುನಿವೆಂಕಟಮ್ಮ ಮಾಡುವ ಆಶೀರ್ವಾದ.

ನಿನ್ನ ಎರಡು ಕಾಗದವೂ ತಲುಪಿವೆ. ಉತ್ತರ ತಡವಾಯಿತು. ಸಿಟ್ಟು ಇಳಿದ ಮೇಲೆ ಬರೆಯೋಣ ಎಂದು ಕಾದೆ, ಇಳಿಯಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನನ್ನ ಮಗಳು ಸೊಣ್ಣಮ್ಮನನ್ನು ನಿನಗೆ ಕೊಟ್ಟ ದಿನದಿಂದ ಅಳಿಯಂದಿರು ಎಂದು ಬಹುವಚನ ಹಾಕುತ್ತಿದ್ದೆ. ಇನ್ನು ಹಾಕುವುದಿಲ್ಲ. ನಾನು ಎತ್ತಿ ಆಡಿಸಿದ ಬೈರನೇ ನೀನು, ನಾನು ಬೈದರೆ ಬೈಸಿಕೊಳ್ಳಬೇಕು.

"ಅವ್ವ ಒಬ್ಬಳೇ ಒದ್ದಾಡ್ತಾಳೆ, ಸೊಣ್ಣಮ್ಮನ್ನ ಬೇಗ ಕಳಿಸು" ಅಂತ ಬರೆದಿದ್ದೀಯಲ್ಲ, ನಾಚಿಕೆ ಆಗಲಿಲ್ಲವೇ? ಏಳನೇ ತಿಂಗಳಿಗೆ ಹುಟ್ಟಿ, ಒಂದು ಸಲವೂ ಅಳದೆ ಹೋದ ಮಗುವಿನ ಬಗ್ಗೆ ಎರಡು ಕಾಗದದಲ್ಲಿ ಒಂದು ಸಾಲಿಲ್ಲ.

ಆಸ್ಪತ್ರೆಯಲ್ಲಿ ಏನಾಯಿತು ಅಂತ ನೀನು ಕೇಳಲಿಲ್ಲ, ನಾನೇ ಹೇಳುತ್ತೇನೆ. ಚಳಿಜ್ವರದಲ್ಲಿ ನಡುಗುತ್ತಾ ಸೊಂಟ ಹಿಡಿದುಕೊಂಡು ಮಲಗಿದ್ದವಳನ್ನು ಲೇಡಿ ಡಾಕ್ಟರು, "ದಿನಕ್ಕೆ ಎಷ್ಟು ಸಲ ಒಂದಕ್ಕೆ ಹೋಗ್ತೀಯಮ್ಮ?" ಎಂದು ಕೇಳಿದರು.

"ಎರಡು ಸಲ. ಬೆಳಕಾಗೋಕೆ ಮುಂಚೆ ಒಂದ್ಸಲ, ಕತ್ತಲಾದ್ಮೇಲೆ ಒಂದ್ಸಲ" ಅಂದಳು ನಿನ್ನ ಹೆಂಡತಿ. "ಮಧ್ಯ ತಡ್ಕೊಂತೀನಿ. ಮನೆ ಹಿಂದೇನೇ ಕಾರ್ಖಾನೆಯವರ ಸೈಕಲ್ ದಾರಿ. ನೀರು ಕುಡಿದ್ರೆ ತಾನೆ ಹೋಗ್ಬೇಕಾಗೋದು ಅಂತ ಅಜ್ಜಿ ಎರಡೇ ಲೋಟ ಕೊಡ್ತಾರೆ."

ಆ ಡಾಕ್ಟರಮ್ಮ ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. "ಮೂತ್ರದಲ್ಲಿ ನಂಜಾಗಿ ಅದು ಮೇಲಕ್ಕೇರಿದೆ, ಅದಕ್ಕೇ ದಿನ ತುಂಬೋಕೆ ಮುಂಚೆ ನೋವು ಬಂದಿದೆ. ಬಸುರೀರಿಗೆ ಇದು ಬೇಗ ಆಗುತ್ತೆ. ನೀರು ಚೆನ್ನಾಗಿ ಕುಡೀಬೇಕಿತ್ತು, ತಡ್ಕೋಬಾರದಿತ್ತು. ಉರಿ ಶುರುವಾದಾಗ್ಲೇ ಕರ್ಕೊಂಡ್ ಬಂದಿದ್ರೆ ಮಾತ್ರೇಲೇ ಹೋಗ್ತಿತ್ತೇನೋ" ಅಂದರು.

ದಿನಾ ಅದೇ ದಾರಿಯಲ್ಲಿ ಸೈಕಲ್ ತುಳಿದುಕೊಂಡು ಜಾಲಹಳ್ಳಿಗೆ ಹೋಗುವವನು ನೀನು. ನಮ್ಮ ಕಾರ್ಖಾನೆಯಲ್ಲಿ ಸಾಲಾಗಿ ಪಾಯಿಖಾನೆ ಇದೆ, ತಿರುಗಿಸಿದರೆ ನಲ್ಲಿ ನೀರು ಎಂದು ಮದುವೆ ಚಪ್ಪರದಲ್ಲೇ ಜಂಭ ಕೊಚ್ಚಿಕೊಂಡೆ. ಬಸುರಿ ಹೆಂಡತಿ ಎಲ್ಲಿಗೆ ಹೋಗುತ್ತಾಳೆ ಅಂತ ಒಂದು ದಿನ ಯೋಚಿಸಿದೆಯಾ? ಇಲ್ಲಿ ನಿನ್ನ ಭಾವ ಹಿತ್ತಲಲ್ಲಿ ನಾಲ್ಕು ಬಿದಿರ ಗಳು ನೆಟ್ಟು ತೆಂಗಿನ ಗರಿಯ ಮರೆ ಕಟ್ಟಿದರು. ಅರ್ಧ ದಿನದ ಕೆಲಸ. ಅರ್ಧ ದಿನ, ಬೈರ!

"ನಾವೆಲ್ಲ ಇಂಗೇ ಇದ್ದು ಒಂಬತ್ತು ಹೆತ್ತಿಲ್ವಾ?" ಎಂದು ನಮ್ಮವ್ವ ಅಬ್ಬಿಗೆರೆಯಲ್ಲಿ ಆಡಿಕೊಳ್ಳುತ್ತಿರುವುದು ನನ್ನ ಕಿವಿಗೂ ಬಿದ್ದಿದೆ. ಹೆತ್ತಳು, ನಿಜ. ಉಳಿದವರು ನಾವಿಬ್ಬರೇ ಎಂದು ಅವಳಿಗೆ ಹೇಳು.

ನಿನ್ನ ಹಿತ್ತಲಲ್ಲಿ ಗೋಡೆ ಎದ್ದು, ಪಕ್ಕದಲ್ಲಿ ನೀರಿನ ತೊಟ್ಟಿ ಆಗುವವರೆಗೆ ಸೊಣ್ಣಮ್ಮ ಬರುವುದಿಲ್ಲ. ಕರೆಯಲು ಯಾರನ್ನೂ ಕಳಿಸಬೇಡ, ಬಂದವರಿಗೆ ಬಾಗಿಲಲ್ಲೇ ಮಂಗಳಾರತಿ ಮಾಡಿ ಕಳಿಸುತ್ತೇನೆ. ದೇವರು ನಿನಗೆ ಒಳ್ಳೆಯ ಬುದ್ಧಿ ಕೊಡಲಿ. ಆರೋಗ್ಯವನ್ನು ಹೇಗೂ ಕೊಟ್ಟಿದ್ದಾನೆ.

ನಿನ್ನ ಅಕ್ಕ,
ಮುನಿವೆಂಕಟಮ್ಮ

ಇನ್ನೊಂದು ಮಾತು: ಮಡಿಸುವ ಮುಂಚೆ ಈ ಕಾಗದವನ್ನು ಸೊಣ್ಣಮ್ಮನಿಗೆ ಓದಿ ಹೇಳಿದೆ. ಅವಳಿಗೆ ಸಮಾಧಾನವಾಗುತ್ತದೆ ಅಂದುಕೊಂಡಿದ್ದೆ. ಗೋಡೆ ಕಡೆ ತಿರುಗಿಕೊಂಡೇ, "ಅದ್ರಲ್ಲಿ ನಿನ್ನ ಹೆಸ್ರೂ ಬರಿ" ಅಂದಳು. ಐದು ತಿಂಗಳ ಬಸುರಿ ಗೌರಿ ಹಬ್ಬಕ್ಕೆ ಬಂದಾಗ ಅಡುಗೆಮನೆಯಲ್ಲಿ ನನ್ನ ಸೆರಗು ಹಿಡಿದು, "ಅಮ್ಮ, ಒಂದಕ್ಕೆ ಕೂತ್ರೆ ಬೆಂಕಿ ಬಿದ್ದಂಗೆ ಉರಿಯುತ್ತೆ" ಅಂದಿದ್ದಳು. "ಉಷ್ಣ ಕಣೆ. ಗಂಡಸ್ರಿಗೆ ಕೇಳಿಸೋ ಹಂಗೆ ಅದನ್ನೆಲ್ಲ ಆಡ್ಬೇಡ" ಎಂದು ಬಾಯಿ ಮುಚ್ಚಿಸಿ, ನೆತ್ತಿಗೆ ಹರಳೆಣ್ಣೆ ತಟ್ಟಿ, ಮಡಿಲು ತುಂಬಿ ನಿಮ್ಮ ಮನೆಗೆ ಕಳಿಸಿದವಳು ನಾನು. ಈಗ ನಾನು ಕೊಟ್ಟ ನೀರನ್ನು ಅವಳು ಕುಡಿಯುವುದಿಲ್ಲ, ಪಕ್ಕದ ಮನೆ ಮೆಹಬೂಬ್ ಬೀ ಬಂದು ಕುಡಿಸಬೇಕು. ಹದಿನೈದು ದಿನದಲ್ಲಿ ನನ್ನೊಂದಿಗೆ ಆಡಿದ್ದು ಅದೊಂದೇ ಮಾತು. ಬರೆದಿದ್ದೇನೆ.