ದೀವಿಹಲಸಿನ ಮರದ ಹಿಂದೆ ನಿಂತವನು

ಇನರಾಹನ್, ಗುವಾಮ್
೧೭ ನವೆಂಬರ್ ೨೦೧೩, ಭಾನುವಾರ

ಪ್ರೀತಿಯ ಸೊಲೆದಾದ್ ಅಕ್ಕಾ,

ಕಣ್ಣಿನ ಆಪರೇಷನ್ ಆದ ಮೇಲೆ ಹೇಗಿದ್ದೀ? ಬಗ್ಗಬೇಡಿ ಎಂದು ಡಾಕ್ಟರು ಹೇಳಿದ ದಿನವೇ ಬಗ್ಗಿ ನೆಲ ಒರೆಸುವವಳು ನೀನು, ಅದಕ್ಕೇ ಕೇಳುತ್ತಿದ್ದೇನೆ. ಸ್ಯಾನ್ ಡಿಯಾಗೋದಲ್ಲಿ ಚಳಿ ಶುರುವಾಗಿರಬೇಕು, ಕಾಲಿಗೆ ದಪ್ಪ ಸಾಕ್ಸ್ ಹಾಕಿಕೋ. ಸೊಸೆ ನಿನ್ನನ್ನು ಅಡುಗೆಮನೆಗೆ ಬಿಡುತ್ತಾಳೋ ಇಲ್ಲವೋ ಬರಿ. ನಿನಗೆಂದು ಮೆಣಸಿನಕಾಯಿ ಅರೆದು ಬಾಟಲಿ ತುಂಬಿಸಿಟ್ಟಿದ್ದೇನೆ, ಆ ಕಡೆ ಬರುವವರು ಯಾರಾದರೂ ಸಿಕ್ಕರೆ ಕಳಿಸುತ್ತೇನೆ. ನಮ್ಮ ಕಿರಿಯವನು ಟೆಕ್ಸಾಸ್‌ನಲ್ಲಿ ಸೈನ್ಯದ ಊಟ ತಿಂದು ದಪ್ಪಗಾಗಿದ್ದಾನಂತೆ. ನನ್ನ ಸಕ್ಕರೆ ಹತೋಟಿಯಲ್ಲಿದೆ. ಇಷ್ಟನ್ನು ಫೋನಿನಲ್ಲೇ ಹೇಳಬಹುದಿತ್ತು. ಮುಂದಿನದನ್ನು ಹೇಳುವ ಹಾಗಿಲ್ಲ, ಏಕೆಂದರೆ ನಾನು ನಿನಗೆ ಫೋನು ಮಾಡಿದಾಗಲೆಲ್ಲ ದೀತಾ ಪಕ್ಕದಲ್ಲೇ ಕೂತಿರುತ್ತಾಳೆ, ಮತ್ತು ವಿಷಯ ದೀತಾಳದ್ದೇ.

ನಾನು ಪೊಲೀಸು ಕೆಲಸದಿಂದ ನಿವೃತ್ತನಾದ ವರ್ಷವೇ ನನ್ನ ಹೆಂಡತಿ ಕಾಲೇಜು ಸೇರಿದ್ದು ನಿನಗೆ ಗೊತ್ತು. ಅಷ್ಟು ವರ್ಷ ಶಾಲೆಯ ಅಡುಗೆಮನೆಯಲ್ಲಿ ಮಕ್ಕಳಿಗೆ ಬಡಿಸಿದವಳು, ಇನ್ನು ಹೊಲಿಗೆಯನ್ನೋ ಕೇಕು ಮಾಡುವುದನ್ನೋ ಕಲಿಯುತ್ತಾಳೆ ಅಂದುಕೊಂಡಿದ್ದೆ. ಇವಳು ಹೋಗಿ ಅಪರಾಧ ಮತ್ತು ನ್ಯಾಯದ ಎರಡು ವರ್ಷದ ಕೋರ್ಸಿಗೆ ಹೆಸರು ಕೊಟ್ಟು ಬಂದಳು. ‘ಮೂವತ್ತು ವರ್ಷ ನಿನ್ನ ಯೂನಿಫಾರಂ ಇಸ್ತ್ರಿ ಮಾಡಿದೀನಿ. ಅದನ್ನ ಹಾಕ್ಕೊಂಡು ನೀನು ಏನು ಮಾಡ್ತಿದ್ದೆ ಅಂತ ತಿಳ್ಕೊಳೋದು ಬೇಡ್ವಾ?’ ಎಂದಳು. ನನ್ನನ್ನೇ ಕೇಳಬಹುದಿತ್ತಲ್ಲ ಎಂದೆ. ‘ನಿನ್ನ ಕೇಳಿದ್ರೆ ಎಲ್ಲಾ ಕಥೇಲೂ ನೀನೇ ಹೀರೋ’ ಎಂದಳು. ಒಂದು ಸೆಮಿಸ್ಟರ್ ಹೋಗಿ ಸುಸ್ತಾಗಿ ಬಿಡುತ್ತಾಳೆ ಎಂದು ಸುಮ್ಮನಾದೆ. ಈಗ ಎರಡನೆಯ ವರ್ಷ ನಡೆಯುತ್ತಿದೆ, ಅವಳಿಗೆ ಸುಸ್ತಿನ ಸುಳಿವೇ ಇಲ್ಲ, ಸುಸ್ತಾಗಿರುವವನು ನಾನು.

ಅಕ್ಕಾ, ಅವಳು ಎಷ್ಟು ಖುಷಿಯಾಗಿದ್ದಾಳೆ ಎಂದು ಹೇಗೆ ಹೇಳಲಿ? ಹಿಂದೆಲ್ಲ ಬೆಳಗಾದರೆ ಸೊಂಟ ನೋವು ಎನ್ನುತ್ತಿದ್ದವಳು ಈಗ ಹಾಡಿಕೊಂಡು ಕಾರು ಹತ್ತುತ್ತಾಳೆ. ಅವಳ ತರಗತಿಯವರೆಲ್ಲ ಇಪ್ಪತ್ತರ ಆಸುಪಾಸಿನವರು. ಕಂಡ ಕೂಡಲೇ ಹಿರಿಯರಿಗೆ ಮಾಡುವ ಹಾಗೆ ಬಗ್ಗಿ ಅವಳ ಕೈಯನ್ನು ಮೂಗಿಗೊತ್ತಿಕೊಂಡು ‘ಆಂಟಿ, ಆಂಟಿ’ ಎನ್ನುತ್ತಾರೆ. ಅವರದೊಂದು ಕ್ಲಬ್ಬಿದೆ, ಅದಕ್ಕೆ ಇವಳೇ ಅಧ್ಯಕ್ಷೆ. ಎಲ್ಲರೂ ಒಂದೇ ಬಣ್ಣದ ಅಂಗಿ ತೊಟ್ಟು ಶನಿವಾರ ಪೆಟ್ರೋಲ್ ಬಂಕಿನ ಹತ್ತಿರ ಕಾರು ತೊಳೆದು ಕ್ಲಬ್ಬಿಗೆ ಹಣ ಕೂಡಿಸುತ್ತಾರೆ. ನಮ್ಮ ಕಾರನ್ನು ಒಂದು ದಿನವೂ ತೊಳೆಯದವಳು ಊರವರ ಕಾರಿಗೆ ಸೋಪು ಹಚ್ಚುತ್ತಾಳೆ. ಪರೀಕ್ಷೆ ಬಂತೆಂದರೆ ಗುಂಪು ನಮ್ಮ ಹೊರಗಿನ ಅಡುಗೆಮನೆಗೇ ಬರುತ್ತದೆ. ನಾನು ಕೆಂಡದ ಮೇಲೆ ಕೋಳಿ ತಿರುವುತ್ತಿರುತ್ತೇನೆ, ಅವರು ನಾನು ಮಾಡಿದ ಕೆಂಪನ್ನ ತಿನ್ನುತ್ತ ಕಾನೂನಿನ ಕಲಮುಗಳ ಬಗ್ಗೆ ಜಗಳವಾಡುತ್ತಾರೆ. ಮೂವತ್ತು ವರ್ಷ ಕಳ್ಳಕಾಕರ ಹಿಂದೆ ಓಡಿದ ಸಾರ್ಜೆಂಟು ಅಲ್ಲೇ ನಿಂತಿದ್ದಾನೆ, ಅವನನ್ನು ಒಬ್ಬರೂ ಏನೂ ಕೇಳುವುದಿಲ್ಲ. ‘ಅಂಕಲ್, ಸೋಯಾ ಸಾಸ್ ಇದ್ಯಾ?’ ಎಂದು ಮಾತ್ರ ಕೇಳುತ್ತಾರೆ. ಒಮ್ಮೆ ನಾನಾಗಿಯೇ ದೋಣಿ ಕಳ್ಳನನ್ನು ಅವನ ಮಂಚದ ಕೆಳಗಿಂದ ಎಳೆದು ತಂದ ಕಥೆ ತೆಗೆದೆ. ದೀತಾ ಎಲ್ಲರ ಎದುರಿಗೆ, ‘ಮನೆಯೊಳಗೆ ಹೋಗೋಕೆ ವಾರಂಟ್ ಇತ್ತಾ?’ ಎಂದಳು. ಮಕ್ಕಳು ಬಿದ್ದು ಬಿದ್ದು ನಕ್ಕರು. ವಾರಂಟ್ ಇತ್ತು ಅಕ್ಕಾ, ಆದರೆ ಆ ನಗುವಿನಲ್ಲಿ ಯಾರು ಕೇಳುತ್ತಾರೆ?

ಇದನ್ನೆಲ್ಲ ನುಂಗಿಕೊಳ್ಳುತ್ತಿದ್ದೆ. ನುಂಗಲಾಗದ್ದು ಎಲಾಡಿಯೊ ನಾಪುಟಿ. ನೆನಪಿದೆಯೇ, ನನ್ನ ಕೈಕೆಳಗೆ ಕೆಲಸಕ್ಕೆ ಸೇರಿ, ಕೀಲಿಕೈಯನ್ನು ಒಳಗೇ ಬಿಟ್ಟು ಗಸ್ತಿನ ಕಾರಿಗೆ ಬೀಗ ಹಾಕಿಕೊಂಡು ನಿಂತಿದ್ದ ಸಣಕಲು ಹುಡುಗ? ಈಗ ಅವನು ದೀತಾಳ ಕಾಲೇಜಿನಲ್ಲಿ ಟೈ ಕಟ್ಟಿದ ಮೇಷ್ಟ್ರು. ಹೆಂಡತಿ ತೀರಿಕೊಂಡ ಮೇಲೆ ಮೀಸೆ ಕತ್ತರಿಸಿ, ಕೂದಲಿಗೆ ಏನೋ ಹಚ್ಚಿ, ನನಗಿಂತ ಇಪ್ಪತ್ತು ವರ್ಷ ಚಿಕ್ಕವನ ಹಾಗೆ ಕಾಣುತ್ತಾನೆ; ನಿಜವಾಗಿ ಹತ್ತೂ ಇಲ್ಲ. ನಮ್ಮ ಮನೆಯಲ್ಲಿ ಉಂಡು ತಟ್ಟೆ ತೊಳೆಯದೆ ಹೋಗುತ್ತಿದ್ದವನನ್ನು ದೀತಾ ‘ಸರ್’ ಎನ್ನುತ್ತಾಳೆ. ಊಟಕ್ಕೆ ಕೂತರೆ ನಾಪುಟಿ ಸರ್ ಹೀಗಂದ್ರು, ಮೀನು ಹೆಚ್ಚುವಾಗ ನಾಪುಟಿ ಸರ್ ಹಾಗಂದ್ರು. ಅವನಿಗೆ ಅದನ್ನೆಲ್ಲ ಹೇಳಿಕೊಟ್ಟವನು ನಾನು. ನಾನು ಹೇಳಿದಾಗ ಆಕಳಿಸುತ್ತಿದ್ದ ಮಾತನ್ನೇ ಅವನ ಬಾಯಿಂದ ಕೇಳಿ ಬಂದು ನನಗೆ ಬೋಧಿಸುತ್ತಾಳೆ. ನನಗೆ ಹೊಟ್ಟೆ ಉರಿಯುತ್ತದೆ. ಬೇರೆ ಹೆಸರು ಕೊಟ್ಟು ನಿನ್ನಿಂದ ಬೈಸಿಕೊಳ್ಳುವುದಕ್ಕಿಂತ ಇರುವ ಹೆಸರನ್ನೇ ಹೇಳುತ್ತೇನೆ.

ಹೋದ ವಾರ ಅವರಿಗೆ ಹೊರಗಡೆ ಪಾಠವಿತ್ತು. ತಲೊಫೊಫೊದ ಆಚೆ ಕಾಡಂಚಿನಲ್ಲಿ ಹಾಳುಬಿದ್ದ ಒಂದು ಕಾಂಕ್ರೀಟ್ ಮನೆಯಿದೆ. ಅದರಲ್ಲಿ ಕಳ್ಳತನ ನಡೆದಿದೆ ಎಂದು ನಟಿಸಿ, ಮೇಷ್ಟ್ರು ಮೊದಲೇ ಇಟ್ಟ ಸಾಕ್ಷ್ಯಗಳನ್ನು ವಿದ್ಯಾರ್ಥಿಗಳು ಹುಡುಕಬೇಕು. ಬೆಳಿಗ್ಗೆ ದೀತಾ ಕನ್ನಡಿಯ ಮುಂದೆ ಬಹಳ ಹೊತ್ತು ನಿಂತಳು. ಸುಳ್ಳು ಕಳ್ಳತನಕ್ಕೆ ಲಿಪ್‌ಸ್ಟಿಕ್ ಯಾಕೆ? ಅವಳ ಕಾರು ಹೋದ ಮೇಲೆ ನಾನೂ ಹೊರಟೆ. ದೂರದಲ್ಲಿ ಗಾಡಿ ನಿಲ್ಲಿಸಿ, ದೊಡ್ಡ ದೀವಿಹಲಸಿನ ಮರದ ಹಿಂದೆ ನಿಂತು ಅಡಿಕೆ ಜಗಿಯುತ್ತ ನೋಡಿದೆ. ಮಕ್ಕಳು ಹಳದಿ ಪಟ್ಟಿ ಕಟ್ಟಲು ಹೊರಟಾಗ ದೀತಾ ತಡೆದು ಎಲ್ಲರನ್ನೂ ಪೂರ್ವಜರ ಆತ್ಮಗಳಿರುವ ಕಾಡಿನ ಕಡೆ ತಿರುಗಿಸಿ ನಿಲ್ಲಿಸಿದಳು. ‘ಅಜ್ಜ ಅಜ್ಜಿಯರೇ, ನಿಮ್ಮ ಜಾಗಕ್ಕೆ ಕಲಿಯೋಕೆ ಬಂದಿದೀವಿ, ಅಪ್ಪಣೆ ಕೊಡಿ’ ಎಂದು ಹೇಳಿಸಿದಳು. ನಾಪುಟಿಯೂ ಟೋಪಿ ತೆಗೆದು ಹೇಳಿದ. ನಾನೊಬ್ಬನೇ ಕೇಳದೆ ನುಗ್ಗಿದವನು. ಆಮೇಲೆ ಕಿಟಕಿಯಲ್ಲಿ ಕಂಡಳು, ಪಕ್ಕದಲ್ಲಿ ಅವಳ ಗೆಳತಿ ಮಾರಿಸೆಲ್. ಬೆರಳಚ್ಚು ಎಬ್ಬಿಸುವ ಕಪ್ಪು ಪುಡಿಯನ್ನು ಬ್ರಷ್ಷಿನಿಂದ ಹಚ್ಚುತ್ತಿದ್ದರು. ದೀತಾ ಜೋರಾಗಿ ಉಜ್ಜಿದಳೆಂದು ಕಾಣುತ್ತದೆ, ನಾಪುಟಿ ಬಂದು ಅವಳ ಮಣಿಕಟ್ಟು ಹಿಡಿದು ಹಗುರವಾಗಿ ಆಡಿಸುವುದನ್ನು ತೋರಿಸಿದ. ಅವಳು ನಕ್ಕಳು. ಮೂಗಿನ ತುದಿಯಲ್ಲಿ ಪುಡಿ ಮೆತ್ತಿಕೊಂಡು, ತಲೆ ಹಿಂದಕ್ಕೆ ಹಾಕಿ, ಮದುವೆಗೆ ಮುಂಚೆ ನಗುತ್ತಿದ್ದ ಹಾಗೆ ನಕ್ಕಳು. ನಾನು ಬುಡದಲ್ಲೇ ಅಡಿಕೆ ಉಗಿದು, ಕೆಸರು ತುಳಿದುಕೊಂಡು ವಾಪಸ್ಸು ಬಂದೆ. ಅಪರಾಧ ನಡೆದ ಜಾಗದಲ್ಲಿ ಉಗಿಯಬಾರದು, ತುಳಿಯಬಾರದು ಎಂದು ಎಷ್ಟು ಹೊಸಬರನ್ನು ಬೈದಿದ್ದೇನೋ ಲೆಕ್ಕವಿಲ್ಲ.

ಸಂಜೆ ದೀತಾ ಕುಣಿಯುತ್ತ ಬಂದಳು. ಮೇಷ್ಟ್ರು ಇಡದೇ ಇದ್ದ ಸಾಕ್ಷ್ಯ ಸಿಕ್ಕಿದೆಯಂತೆ; ಮರದ ಹಿಂದೆ ನಿಜವಾಗಿಯೂ ಯಾರೋ ನಿಂತು ನೋಡಿದ್ದಾರಂತೆ. ಕೆಂಪು ಮಣ್ಣಿನಲ್ಲಿ ಮೂಡಿದ್ದ ಬೂಟಿನ ಗುರುತಿಗೆ ಪ್ಲಾಸ್ಟರ್ ಸುರಿದು ಅಚ್ಚು ತೆಗೆಯುವ ಕೆಲಸ ಇವಳ ಪಾಲಿಗೆ ಬಂದಿತ್ತು. ಆ ಅಚ್ಚನ್ನು ತಂದು ಒಣಗಲು ಅನ್ನದ ಪಾತ್ರೆಯ ಪಕ್ಕದಲ್ಲಿಟ್ಟಳು. ಹಿಮ್ಮಡಿ ಸವೆದ ನನ್ನದೇ ಬೂಟು ಅಕ್ಕಾ. ಜೋಡಿಯನ್ನು ಅಷ್ಟರಲ್ಲಿ ಕೋಳಿಯ ಆಹಾರದ ಮೂಟೆಯಲ್ಲಿ ಹುಗಿದಿದ್ದೆ. ‘ಬೂಟೆಲ್ಲಿ?’ ಎಂದು ಮಾರನೆಯ ದಿನ ಕೇಳಿದಳು. ಹರಿದುಹೋಯಿತು, ಬಿಸಾಕಿದೆ ಎಂದೆ. ಅಂದಿನಿಂದ ಚಪ್ಪಲಿಯಲ್ಲೇ ಓಡಾಡುತ್ತಿದ್ದೇನೆ.

ನಿನ್ನೆ ಗುಂಪೆಲ್ಲ ನಮ್ಮಲ್ಲಿ ಸೇರಿತು, ನಾಪುಟಿಯೂ ಬಿಯರ್ ಹಿಡಿದುಕೊಂಡು ಬಂದ. ಅಚ್ಚನ್ನೂ ಹೆಜ್ಜೆಸಾಲಿನ ಫೋಟೋಗಳನ್ನೂ ಮಧ್ಯೆ ಇಟ್ಟುಕೊಂಡು ಕೂತರು. ಟೈಟಾನೊ ಎಂಬ ದಡಿಯ ಹುಡುಗನೊಬ್ಬನಿದ್ದಾನೆ, ಬಾಯಿ ನಿಲ್ಲದವನು. ‘ಭಾರೀ ಆಸಾಮಿ ಆಂಟಿ. ತುಂಬಾ ಹೊತ್ತು ನಿಂತಿದಾನೆ, ಹಿಮ್ಮಡಿ ನೋಡಿ ಎಷ್ಟು ಆಳಕ್ಕೆ ಹೋಗಿದೆ. ಎಡಗಾಲು ಹೊರಕ್ಕೆ ತಿರುಗಿಸ್ಕೊಂಡು ನಡೀತಾನೆ. ಉಗಿದಿರೋ ರಭಸ ನೋಡಿದ್ರೆ ಸಿಟ್ಟಲ್ಲಿದ್ದ’ ಎಂದ. ‘ಇಡೀ ದ್ವೀಪಾನೇ ಅಡಿಕೆ ಉಗಿಯುತ್ತೆ, ಅದನ್ನ ಬಿಡು. ಎಲ್ಲಿ ನಿಂತಿದ್ದ ನೋಡು. ಅಲ್ಲಿಂದ ಮನೆಯೊಳಗೆ ಅಂತ ಕಾಣೋದು ಇವರಿಬ್ಬರು ಪುಡಿ ಹಚ್ತಿದ್ದ ಕಿಟಕಿ ಒಂದೇ. ಹೆಂಗಸರನ್ನ ನೋಡೋಕೇ ಬಂದಿದಾನೆ’ ಎಂದ ನಾಪುಟಿ. ಆಮೇಲೆ ನನ್ನ ಕಡೆ ತಿರುಗಿ, ‘ಸಾರ್ಜೆಂಟ್, ನಿಮ್ಮ ಅಭಿಪ್ರಾಯ ಏನು?’ ಎಂದ. ಎರಡು ವರ್ಷದಲ್ಲಿ ಮೊದಲ ಸಲ ನನ್ನ ಅಭಿಪ್ರಾಯ ಕೇಳಿದರು, ಅದೂ ನನ್ನ ಬೂಟಿನ ಬಗ್ಗೆ. ಕೋಳಿ ಸುಡುತ್ತ, ಯಾರೋ ಹಂದಿ ಬೇಟೆಗೆ ಬಂದವನಿರಬೇಕು ಎಂದುಬಿಟ್ಟೆ.

ಇಲ್ಲಿಯವರೆಗೆ ನೀನು ನಗುತ್ತಿದ್ದರೆ ನಗು. ಮುಂದಿನದು ನಗುವ ವಿಷಯವಲ್ಲ. ಮಾರಿಸೆಲ್ ಯೋನ್ಯಾ ಊರಿನ ಹುಡುಗಿ, ಶಾಲೆಗೆ ಹೋಗುವ ಒಬ್ಬ ಮಗಳಿದ್ದಾಳೆ. ಗಂಡ ಕುಡಿದು ಹೊಡೆಯುತ್ತಿದ್ದ. ಈಗ ಬಿಟ್ಟಿದ್ದಾಳೆ, ಅವನು ಇವಳ ಹತ್ತಿರ ಸುಳಿಯಬಾರದೆಂದು ಕೋರ್ಟಿನ ಆಜ್ಞೆಯೂ ಇದೆ. ಕೋರ್ಟಿಗೆ ಹೆದರಿಕೊಂಡು ಬರುವ ತನ್ನಂಥವರ ಪಕ್ಕ ಕೂತು ಧೈರ್ಯ ಹೇಳುವ ಕೆಲಸ ಬೇಕೆಂದೇ ಈ ಕೋರ್ಸು ಸೇರಿದವಳು. ತರಗತಿಯಲ್ಲಿ ಎಲ್ಲರಿಗಿಂತ ಜಾಣೆ, ದೀತಾಳಿಗೆ ಮಗಳಿದ್ದ ಹಾಗೆ. ನಿನ್ನೆ ಅವಳು ಆ ಫೋಟೋಗಳನ್ನು ನೋಡುತ್ತ ನೋಡುತ್ತ ಬಿಳಿಚಿಕೊಂಡಳು. ‘ಕುಡಿದಾಗ ಅವನೂ ಹೀಗೇ ಕಾಲು ಹಾಕೋದು. ನಾನಿರೋ ಜಾಗ ಕಂಡುಹಿಡಿದಿದಾನೆ’ ಎಂದಳು. ತಟ್ಟೆಯಲ್ಲಿದ್ದುದನ್ನು ಮುಟ್ಟಲಿಲ್ಲ. ಟೈಟಾನೊ ಮನೆಯವರೆಗೂ ಬಿಟ್ಟು ಬಂದ. ಇವತ್ತು ಪೂಜೆ ಮುಗಿಸಿ ಚರ್ಚಿನಿಂದ ಹೊರಬರುವಾಗ ದೀತಾಳಿಗೆ ಅವಳ ಫೋನು ಬಂತು. ಕಾಲೇಜು ಬಿಡುತ್ತಾಳಂತೆ, ಮಗಳನ್ನು ಕರೆದುಕೊಂಡು ಸೈಪಾನ್ ದ್ವೀಪದಲ್ಲಿರುವ ಚಿಕ್ಕಮ್ಮನ ಮನೆಗೆ ಹೋಗುತ್ತಾಳಂತೆ. ದೀತಾ ಮೆಟ್ಟಿಲ ಮೇಲೆ ಕೂತು ಅತ್ತಳು. ಮೇ ತಿಂಗಳಲ್ಲಿ ಇಬ್ಬರೂ ಒಟ್ಟಿಗೆ ಪದವಿಯ ಟೋಪಿ ಹಾಕಬೇಕೆಂದು ಮಾತಾಡಿಕೊಂಡಿದ್ದರು.

ನಾನಾಗ ಹೇಳಬೇಕಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅಲ್ಲಿಗೆ ಯಾಕೆ ಹೋಗಿದ್ದೆ ಎಂದು ದೀತಾ ಕೇಳಿದರೆ? ನಾಪುಟಿಗೆ ಗೊತ್ತಾಗಿ ಅವನು ಹಲ್ಲು ಕಿರಿದರೆ? ಆ ಹುಡುಗಿಯ ಭಯವನ್ನೂ ನಾಪುಟಿಯ ನಗುವನ್ನೂ ಎದುರುಬದುರು ಇಟ್ಟುಕೊಂಡು ಚರ್ಚಿನ ಮುಂದೆ ನಿಂತಿದ್ದೆ, ಮತ್ತು ನಗುವೇ ಹೆಚ್ಚು ಭಾರವೆನಿಸಿತು. ನಿನ್ನ ತಮ್ಮ ಇಂಥವನು. ಅವಳು ಸೈಪಾನಿಗೆ ಹೋದರೆ ಅಲ್ಲೂ ಕಾಲೇಜಿದೆ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಅದು ಒಪ್ಪಲಿಲ್ಲ. ಸತ್ಯ ಹೇಳದೆಯೇ ಹುಡುಗಿಯನ್ನು ಉಳಿಸಿಕೊಳ್ಳುವ ದಾರಿ ಏನಾದರೂ ನಿನಗೆ ಹೊಳೆದರೆ ಬೇಗ ಬರಿ. ಚಿಕ್ಕಂದಿನಲ್ಲಿ ಅಪ್ಪನ ಬೆಲ್ಟಿನಿಂದ ನನ್ನನ್ನು ಬಿಡಿಸುತ್ತಿದ್ದವಳು ನೀನೇ ತಾನೇ.

ಮೊಮ್ಮಕ್ಕಳಿಗೆ ನನ್ನ ಆಶೀರ್ವಾದ. ಸೊಸೆಗೆ ಕೇಳಿದೆನೆಂದು ಹೇಳು. ನಿನ್ನ ಕೈಯನ್ನು ಇಲ್ಲಿಂದಲೇ ಮೂಗಿಗೊತ್ತಿಕೊಳ್ಳುತ್ತೇನೆ.

ನಿನ್ನ ತಮ್ಮ,
ಇಗ್ನಾಸಿಯೊ

ತಾ.ಕ.: ದಾರಿ ಹುಡುಕಬೇಡ. ಲಕೋಟೆಗೆ ಅಂಟು ಹಚ್ಚುವಷ್ಟರಲ್ಲಿ ದೀತಾ ಹಿತ್ತಲಿನಿಂದ ಕೂಗಿ, ಕೋಳಿಗೂಡಿನ ಬಾಗಿಲು ತೆರೆದಿದೆ, ಹಾಕಿ ಬಾ ಎಂದಳು. ಹಾಕಿ ಬಂದೆ. ಮಳೆಯೇ ಬಾರದೆ ಅಂಗಳ ಅಷ್ಟು ಒದ್ದೆಯಾಗಿದ್ದುದು ಯಾಕೆಂದು ನನ್ನ ತಲೆಗೆ ಹೊಳೆಯಲಿಲ್ಲ. ತಿರುಗಿ ನೋಡಿದರೆ ನೀರಿನ ಪೈಪು ಪಕ್ಕದಲ್ಲಿ ಬಿದ್ದಿದೆ, ಅವಳು ಮಂಡಿಯೂರಿ ನನ್ನ ಹೆಜ್ಜೆಸಾಲಿಗೆ ಅಳತೆಪಟ್ಟಿ ಹಿಡಿದಿದ್ದಾಳೆ, ಇನ್ನೊಂದು ಕೈಯಲ್ಲಿ ಆ ಫೋಟೋಗಳು. ಬೂಟನ್ನು ಬಚ್ಚಿಟ್ಟೆ, ಹೊರಕ್ಕೆ ತಿರುಗುವ ಎಡಗಾಲನ್ನು ಎಲ್ಲಿ ಬಚ್ಚಿಡಲಿ? ಅವಳು ಕೂಗಾಡಲಿಲ್ಲ. ನನ್ನ ಬಾಯಿಂದ ಮೊದಲು ಹೊರಟದ್ದು ಕ್ಷಮೆಯಲ್ಲ ಅಕ್ಕಾ. ‘ಇದನ್ನ ನಾಪುಟಿ ಕಲಿಸಿದ್ನಾ?’ ಎಂದು ಕೇಳಿದೆ. ‘ಇದಕ್ಕೆ ಕಾಲೇಜು ಬೇಕಾ? ಮೂವತ್ತು ವರ್ಷ ನಿನ್ನ ಹಿಂದೆ ನಡೆದಿದೀನಿ’ ಎಂದಳು. ಆಮೇಲೆ, ‘ಮಾರಿಸೆಲ್‌ಗೆ ನಾನು ಹೇಳಲ್ಲ, ನೀನೇ ಹೇಳು, ಕಾರು ಹತ್ತು’ ಎಂದಳು. ಈಗ ಹೊರಗೆ ಹಾರ್ನ್ ಹೊಡೆಯುತ್ತಿದ್ದಾಳೆ. ಮರದ ಹಿಂದೆ ನಿಂತಿದ್ದವನು ನಿನ್ನ ಗಂಡನಲ್ಲ ಮಗಳೇ, ನಾನು ಎಂದು ಹೇಳುವುದು ಕಷ್ಟವಲ್ಲ, ಹೇಳುತ್ತೇನೆ. ಆದರೆ ಆ ಹುಡುಗಿ ಅಲ್ಲಿಗೇ ಬಿಡುವವಳಲ್ಲ, ‘ಯಾಕೆ ಬಂದಿದ್ರಿ ಅಂಕಲ್?’ ಎಂದು ಕೇಳೇ ಕೇಳುತ್ತಾಳೆ. ಆಗ ದೀತಾ ನನ್ನ ಪಕ್ಕದಲ್ಲೇ ನಿಂತಿರುತ್ತಾಳೆ.