ಮಂದ ಕಿವಿಯ ಮೆಕ್ಯಾನಿಕ್

ಭಾನುವಾರ, ಜುಲೈ 13

ಆ ನಗು ಇನ್ನೂ ಚುಚ್ಚುತ್ತಿದೆ. ದಾಳ ಎಸೆದು ಆಡುವ ನಮ್ಮ ಬಾಹ್ಯಾಕಾಶದ ಆಟಕ್ಕೆ ಇವತ್ತು ಹೊಸ ಪಾತ್ರ ಮಾಡಿಕೊಂಡೆ, ನೌಕೆಯ ಮೆಕ್ಯಾನಿಕ್. ಪಾತ್ರಕ್ಕೊಂದು ಕುಂದು ಕೊಟ್ಟರೆ ಎರಡು ಪಾಯಿಂಟ್ ಹೆಚ್ಚು ಸಿಗುತ್ತದೆ. ಯೋಚಿಸದೆ ‘ಕಿವಿ ಮಂದ’ ಎಂದು ಬರೆದೆ.

“ಸಕ್ಕತ್, ಪುಕ್ಕಟೆ ಪಾಯಿಂಟ್ ಕಣೇ,” ಎಂದ ಆಟ ನಡೆಸುವ ಋಷಿಕೇಶ್. ನಾನು “ಆಂ? ಆಂ?” ಎಂದಾಗಲೆಲ್ಲ ಎಲ್ಲರೂ ನಕ್ಕರು. ನಾನೂ ನಕ್ಕೆ.

ಅಪ್ಪನ ಕಿವಿಯನ್ನು ಪೀಣ್ಯದ ಪ್ರೆಸ್ ಶಾಪಿನಲ್ಲಿ ತಗಡು ಒತ್ತುವ ಯಂತ್ರಗಳ ಸದ್ದು ಎಂದೋ ತಿಂದುಹಾಕಿದೆ. ಅಲ್ಲಿ ದುಡಿದವರೆಲ್ಲ ತುಟಿ ನೋಡಿಯೇ ಮಾತು ತಿಳಿಯುತ್ತಾರೆ.

“ಏನಾಗಿದ್ದೆ ಇವತ್ತು ಆಟದಲ್ಲಿ?” ಎಂದು ಮನೆಗೆ ಬಂದೊಡನೆ ಅಪ್ಪ ಬಾಗಿಲಲ್ಲೇ ಕೇಳಿದರು. ಚಪ್ಪಲಿ ಬಿಡುವ ನೆಪದಲ್ಲಿ ಬಗ್ಗಿ ಉತ್ತರಿಸಿದೆ.

“ಈ ಕಡೆ ತಿರುಗಿ ಹೇಳೇ.”

ತಿರುಗಿ, “ಪೈಲಟ್” ಎಂದೆ.

ಅಡುಗೆಮನೆಯಲ್ಲಿದ್ದ ಅಮ್ಮನಿಗೆ ಬೀದಿಗೆಲ್ಲ ಕೇಳುವಂತೆ ಹೇಳಿದರು, “ನಮ್ಮ ಸುಕೃತಿ ಪೈಲಟ್ ಅಂತೆ ಕಣೇ.”